ಹುಬ್ಬಳ್ಳಿಯಿಂದ ಅಹಮದಾಬಾದಿಗೆ: ನಾನು ಕೋಲ್ಡ್‌ಪ್ಲೇ ನೋಡಿ ಬಂದದ್ದು

ಊರಿಗೆ ವಾಪಸ್ ಬಂದು ನಾಲ್ಕು ದಿನ ಆಯಿತು. ಗಂಟಲು ಇನ್ನೂ ಕಟ್ಟಿಕೊಂಡೇ ಇದೆ. ಆಫೀಸಿನಲ್ಲಿ ಸಿಕ್ಕವರೆಲ್ಲ ಕೇಳುವುದು ಒಂದೇ: ಟಿಕೆಟ್ ಹೇಗೆ ಸಿಕ್ಕಿತು, ಎಲ್ಲಿ ಉಳಿದೆ, ಎಷ್ಟು ಖರ್ಚಾಯಿತು, ಅಷ್ಟು ದೂರದಿಂದ ಏನಾದರೂ ಕಂಡಿತಾ? ಎಲ್ಲವೂ ನೆನಪಿರುವಾಗಲೇ ಬರೆದುಬಿಡೋಣ ಅನ್ನಿಸಿತು. ಮುಂದೆ ಯಾವುದಾದರೂ ದೊಡ್ಡ ಬ್ಯಾಂಡ್ ಬಂದಾಗ ನಮ್ಮ ಕಡೆಯಿಂದ ಹೊರಡುವವರಿಗೆ ಒಂದೆರಡು ಪರದಾಟ ತಪ್ಪಿದರೂ ಸಾಕು.

ನಾನು ನೋಡಿದ್ದು ಇಂಗ್ಲೆಂಡಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ. 2025ರ ಜನವರಿ 26, ಭಾನುವಾರ. ಅಹಮದಾಬಾದಿನ ಮೊಟೇರಾದಲ್ಲಿರುವ ನರೇಂದ್ರ ಮೋದಿ ಸ್ಟೇಡಿಯಂ. ಇದಕ್ಕೂ ಮೊದಲು ನಾನು ಯಾವ ದೊಡ್ಡ ಕಾನ್ಸರ್ಟ್‌ಗೂ ಹೋದವನಲ್ಲ.

ಈ ಬ್ಯಾಂಡ್ ನನಗೆ ಸಿಕ್ಕಿದ್ದು ಅಕ್ಕನಿಂದ. ಅವಳು ಪಿಯುಸಿ ಓದುವಾಗ ಗೆಳತಿಯೊಬ್ಬಳು ಒಂದು ಸಿಡಿ ಕೊಟ್ಟಿದ್ದಳು. ಅದರಲ್ಲಿ ‘ಯೆಲ್ಲೋ’ ಇತ್ತು. 2000ದಲ್ಲಿ ಬಂದ ಹಾಡು. ನಮ್ಮ ಮನೆ ತಲುಪುವ ಹೊತ್ತಿಗೆ ಅದಕ್ಕೆ ಏಳೆಂಟು ವರ್ಷ ಆಗಿತ್ತು. ಅಕ್ಕ ಇಯರ್‌ಫೋನಿನ ಒಂದು ತುದಿ ತನ್ನ ಕಿವಿಗೆ, ಇನ್ನೊಂದು ನನ್ನ ಕಿವಿಗೆ ಹಾಕಿ ಕೂರಿಸುತ್ತಿದ್ದಳು. ಹಾಡಿನ ಮಾತುಗಳನ್ನು ಕೆಮಿಸ್ಟ್ರಿ ನೋಟ್ಸಿನ ಕೊನೆಯ ಪುಟದಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಂಡಿದ್ದಳು, ಕಿವಿಗೆ ಹೇಗೆ ಕೇಳಿಸಿತೋ ಹಾಗೆ. ಒಂದು ಸಾಲು ಪೂರ್ತಿ ತಪ್ಪು. ಅದು ತಪ್ಪು ಅಂತ ಗೊತ್ತಾಗುವಷ್ಟರಲ್ಲಿ ಇಬ್ಬರಿಗೂ ಬಾಯಿಪಾಠ ಆಗಿಹೋಗಿತ್ತು.

ಮೊದಲ ಪ್ರಯತ್ನ ಕೈಕೊಟ್ಟಿತು. 2024ರ ಸೆಪ್ಟೆಂಬರ್ 22, ಭಾನುವಾರ ಮಧ್ಯಾಹ್ನ 12ಕ್ಕೆ ನವಿ ಮುಂಬೈನ ಡಿ. ವೈ. ಪಾಟೀಲ್ ಸ್ಟೇಡಿಯಂ ಶೋಗಳ ಟಿಕೆಟ್ ಬಿಟ್ಟರು. ನಾನು ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಕೂತಿದ್ದೆ. ಅಕ್ಕ ಅವಳ ಮನೆಯಲ್ಲಿ ಮಗುವನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಪುಟ ತೆರೆಯುವುದಕ್ಕೇ ಒದ್ದಾಡಿತು. ತೆರೆದ ಮೇಲೆ ಕ್ಯೂನಲ್ಲಿ ನನ್ನ ಮುಂದೆ ಏಳು ಲಕ್ಷಕ್ಕೂ ಜಾಸ್ತಿ ಜನ. ಎರಡು ಗಂಟೆ ಆ ಸಂಖ್ಯೆ ಇಳಿಯುವುದನ್ನೇ ನೋಡಿದೆ. 18, 19ರ ಜೊತೆಗೆ 21ಕ್ಕೆ ಮೂರನೇ ಶೋ ಸೇರಿಸಿದರು. ಅದೂ ಖಾಲಿ. ಅಕ್ಕನಿಗೂ ಸಿಗಲಿಲ್ಲ. ಆ ರಾತ್ರಿ ಊಟ ಸೇರಲಿಲ್ಲ. ಹಾಡು ಕೇಳುವುದಕ್ಕೂ ಒಂದು ವಾರ ಮನಸ್ಸು ಬರಲಿಲ್ಲ.

ಇಲ್ಲಿ ಒಂದು ಮಾತು. ಆಮೇಲೆ ಐದು ಪಟ್ಟು, ಹತ್ತು ಪಟ್ಟು ಬೆಲೆಗೆ ಟಿಕೆಟ್ ಇದೆ ಎನ್ನುವವರು ಬೇಕಾದಷ್ಟು ಜನ ಬಂದರು. ನನಗೂ ಒಬ್ಬ ಮೆಸೇಜ್ ಮಾಡಿ ಅರ್ಧ ದುಡ್ಡು ಮುಂಗಡ ಕೇಳಿದ. ಕೊಡಬೇಡಿ. ಎಷ್ಟೇ ಆಸೆ ಇದ್ದರೂ ಕೊಡಬೇಡಿ. ಕಾಳಸಂತೆಯ ಟಿಕೆಟ್ ದಂಧೆ ಎಷ್ಟು ದೊಡ್ಡದಾಗಿತ್ತೆಂದರೆ ಅಕ್ಟೋಬರ್‌ನಲ್ಲಿ ಜಾರಿ ನಿರ್ದೇಶನಾಲಯದವರು ಬೆಂಗಳೂರು ಸೇರಿ ಹಲವು ನಗರಗಳಲ್ಲಿ ಶೋಧ ಮಾಡಿದರು. ದೊಡ್ಡ ಬ್ಯಾಂಡ್‌ಗಳು ಇನ್ನೊಂದು ಶೋ ಸೇರಿಸುವುದು ಮಾಮೂಲು. ಕಾಯುವುದೇ ಮೇಲು.

ಹಾಗೇ ಆಯಿತು. ನವೆಂಬರ್‌ನಲ್ಲಿ ಅಹಮದಾಬಾದ್ ಶೋ ಘೋಷಣೆಯಾಯಿತು. ಮಾರಾಟ 16ನೇ ತಾರೀಕು, ಶನಿವಾರ, ಮತ್ತೆ ಮಧ್ಯಾಹ್ನ 12ಕ್ಕೆ. ಈ ಸಲ ತಯಾರಿ ಬೇರೆ ಥರ ಇತ್ತು. ಹಿಂದಿನ ರಾತ್ರಿಯೇ ಲಾಗಿನ್ ಆಗಿ, ವಿಳಾಸ ತುಂಬಿ, ಯುಪಿಐ ಮಿತಿ ನೋಡಿಕೊಂಡಿದ್ದೆ. ಆ್ಯಪ್ ಅಪ್‌ಡೇಟ್ ಮಾಡಿದ್ದೆ. ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾ ಹಾಕಿಕೊಂಡೆ, ಯಾಕೆಂದರೆ ನಮ್ಮ ಏರಿಯಾದಲ್ಲಿ ಶನಿವಾರ ಕರೆಂಟ್ ಹೋಗುವ ಭಯ. ಕ್ಯೂನಲ್ಲಿ ಮೂರು ಲಕ್ಷ ಚಿಲ್ಲರೆ ಅಂತ ತೋರಿಸಿತು. ಪುಟ ರಿಫ್ರೆಶ್ ಮಾಡಲಿಲ್ಲ. ಬೆರಳು ತುರಿಸಿದರೂ ಮಾಡಲಿಲ್ಲ.

25ರ ಶೋ ಕಣ್ಣೆದುರೇ ಮುಗಿಯಿತು. ಅಷ್ಟರಲ್ಲಿ 26ಕ್ಕೆ ಇನ್ನೊಂದು ಶೋ ಬಂತು. ಕಡಿಮೆ ಬೆಲೆಯ 2,500 ರೂಪಾಯಿಯ ಸೀಟುಗಳು ಬೂದು ಬಣ್ಣಕ್ಕೆ ತಿರುಗಿದ್ದವು. 4,500ರದ್ದು ಒತ್ತಿದೆ. ಎರಡು ಟಿಕೆಟ್ ಕೇಳಿದರೆ ಆಗಲಿಲ್ಲ. ಇನ್ನೊಮ್ಮೆ ಒತ್ತಿದೆ, ಆಗಲಿಲ್ಲ. ಒಂದು ಕೇಳಿದೆ, ಆಯಿತು. ದುಡ್ಡು ಕಟ್ಟುವಾಗ ನನ್ನ ಕೈ ನಡುಗುತ್ತಿತ್ತು. ಟಿಕೆಟ್ ಖಚಿತ ಎಂಬ ಮೆಸೇಜ್ ಬಂದಾಗ ಖುಷಿಗಿಂತ ಮೊದಲು ಬಂದದ್ದು ಅಕ್ಕನಿಗೆ ಹೇಗೆ ಹೇಳಲಿ ಅನ್ನುವ ಸಂಕಟ. ಫೋನ್ ಮಾಡಿದೆ. ಒಂದು ಕ್ಷಣ ಸುಮ್ಮನಿದ್ದಳು. ಆಮೇಲೆ, ‘ನೀ ಹೋಗು. ನಾ ಹೆಂಗಿದ್ರೂ ಕೂಸನ್ನ ಬಿಟ್ಟು ಬರಾಕ ಆಗ್ತಿರಲಿಲ್ಲ’ ಎಂದಳು. ಅವಳು ಹಾಗೆ ಹೇಳಿದ್ದು ನನ್ನ ಸಮಾಧಾನಕ್ಕೆ ಅಂತ ನನಗೆ ಗೊತ್ತು.

ಇನ್ನು ಪ್ರಯಾಣ. ಟಿಕೆಟ್ ಸಿಕ್ಕ ಸಂಜೆಯೇ ಅಹಮದಾಬಾದಿನ ಹೋಟೆಲ್ ಬೆಲೆ ನೋಡಿ ಎದೆ ಧಸಕ್ಕೆಂದಿತು. ಸಾಧಾರಣ ರೂಮುಗಳೂ ಹತ್ತು ಹದಿನೈದು ಸಾವಿರ ಹೇಳುತ್ತಿದ್ದವು. ವಿಮಾನದ ಮಾತು ಬಿಟ್ಟೇಬಿಟ್ಟೆ. ರೈಲಿನ ಮುಂಗಡ ಬುಕಿಂಗ್ ಅವಧಿಯನ್ನು ನವೆಂಬರ್ 1ರಿಂದ 120 ದಿನದಿಂದ 60 ದಿನಕ್ಕೆ ಇಳಿಸಿದ್ದು ನನಗೆ ಅನುಕೂಲವೇ ಆಯಿತು. ಹಳೇ ನಿಯಮ ಇದ್ದಿದ್ದರೆ ಜನವರಿಯ ಸೀಟುಗಳು ಶೋ ಘೋಷಣೆಗೂ ಮೊದಲೇ ತುಂಬಿರುತ್ತಿದ್ದವು. ನವೆಂಬರ್ ಕೊನೆಯಲ್ಲಿ ಬುಕಿಂಗ್ ತೆರೆದ ದಿನ ಬೆಳಿಗ್ಗೆ 8ಕ್ಕೆ ಸರಿಯಾಗಿ ಕೂತು ಸ್ಲೀಪರ್ ಮಾಡಿಸಿದೆ. ಹುಬ್ಬಳ್ಳಿಯಲ್ಲಿ ಶುಕ್ರವಾರ ಬೆಳಿಗ್ಗೆ ಹತ್ತಿದರೆ ಬೆಳಗಾವಿ, ಮಿರಜ್, ಪುಣೆ, ಸೂರತ್ ದಾಟಿ ಶನಿವಾರ ಬೆಳಗಿನ ಹೊತ್ತಿಗೆ ಗುಜರಾತ್.

ತಪ್ಪಿದ್ದು ವಾಪಸ್ ಬರುವ ಟಿಕೆಟ್ಟಿನಲ್ಲಿ. ಸೋಮವಾರ ನಮ್ಮ ಕಡೆಗೆ ಬರುವ ದಾರಿಯನ್ನು ಮೊದಲೇ ನೋಡಿಯೇ ಇರಲಿಲ್ಲ. ಕೊನೆಗೆ ಮುಂಬೈಗೆ ರೈಲು, ಅಲ್ಲಿಂದ ಹುಬ್ಬಳ್ಳಿಗೆ ರಾತ್ರಿ ಬಸ್ಸು ಅಂತ ಜೋಡಿಸಿಕೊಂಡೆ. ಹೋಗುವುದು, ಬರುವುದು ಎರಡನ್ನೂ ಒಟ್ಟಿಗೇ ಮಾಡಿಸಿ.

ರೂಮಿನದು ಇನ್ನೊಂದು ಕಥೆ. ಕಾಲೂಪುರದಲ್ಲಿರುವ ಅಹಮದಾಬಾದ್ ರೈಲ್ವೆ ಸ್ಟೇಷನ್ ಹತ್ತಿರ ಒಂದು ಲಾಡ್ಜ್‌ನಲ್ಲಿ ರಾತ್ರಿಗೆ 1,800ರಂತೆ ಬುಕ್ ಮಾಡಿದ್ದೆ. ಜನವರಿ ಎರಡನೇ ವಾರದಲ್ಲಿ ಫೋನ್ ಬಂತು: ಆ ದರ ಆಗುವುದಿಲ್ಲ, 9,000 ಕೊಟ್ಟರೆ ಇಟ್ಟುಕೊಳ್ಳುತ್ತೇವೆ. ಕೊಡಲ್ಲ ಎಂದೆ, ಬುಕಿಂಗ್ ರದ್ದಾಯಿತು. ಹತ್ತು ದಿನ ಉಳಿದಿದೆ, ಇರಲು ಜಾಗ ಇಲ್ಲ. ಎರಡು ದಿನ ತಲೆ ಕೆಟ್ಟಿತ್ತು. ಆಫೀಸಿನಲ್ಲಿ ಗುಜರಾತಿನಲ್ಲಿ ಕೆಲಸ ಮಾಡಿ ಬಂದ ಒಬ್ಬರು ದಾರಿ ತೋರಿಸಿದರು: ವಡೋದರಾದಲ್ಲಿ ಉಳಿ. ರೈಲಿನಲ್ಲಿ ನೂರು ಕಿಲೋಮೀಟರ್, ದಿನವಿಡೀ ಗಾಡಿಗಳಿವೆ. ನೋಡಿದರೆ ಅಲ್ಲಿ ರೂಮು 1,200ಕ್ಕೇ ಸಿಕ್ಕಿತು. ನನ್ನ ರೈಲೂ ವಡೋದರಾ ಮೇಲೆಯೇ ಹೋಗುತ್ತಿತ್ತು. ದೊಡ್ಡ ಶೋ ಇರುವ ಊರಿನಲ್ಲೇ ರೂಮು ಹುಡುಕಬೇಡಿ. ಒಂದೂವರೆ ಎರಡು ಗಂಟೆ ದೂರದ ಊರು ನೋಡಿ. ಶೋ ಮುಗಿದ ರಾತ್ರಿಗೆ ಮಾತ್ರ ರೂಮು ಮಾಡಲಿಲ್ಲ. ರೈಲ್ವೆ ಸ್ಟೇಷನ್ನಿನಲ್ಲೇ ಬೆಳಗು ಮಾಡುವುದು ಅಂತ ತೀರ್ಮಾನಿಸಿದೆ.

ಶೋ ಟಿಕೆಟ್ ಫೋನಿನಲ್ಲಿ ಬರುವಂಥದ್ದಲ್ಲ, ಕೊರಿಯರ್‌ನಲ್ಲಿ ಮನೆಗೆ ಬರುವುದು. ಜನವರಿ ಶುರುವಾದಾಗಿನಿಂದ ಗೇಟಿನ ಸದ್ದಾದರೆ ಎದ್ದು ನೋಡುತ್ತಿದ್ದೆ. ಅದು ಬಂದದ್ದು ನಾನು ಡ್ಯೂಟಿಯಲ್ಲಿದ್ದಾಗ. ಬುಕ್ ಮಾಡಿದವರೇ ಗುರುತಿನ ಚೀಟಿ ತೋರಿಸಬೇಕು ಎಂದು ಅಮ್ಮನ ಕೈಗೆ ಕೊಡದೆ ವಾಪಸ್ ಹೋದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೂರನೇ ದಿನ ಅರ್ಧ ದಿನ ರಜೆ ಹಾಕಿ, ಆಧಾರ್ ಕಾರ್ಡು, ದುಡ್ಡು ಕಟ್ಟಿದ ಮೆಸೇಜಿನ ಪ್ರಿಂಟು ಹಿಡಿದು ಕೊರಿಯರ್ ಗೋದಾಮಿಗೇ ಹೋದೆ. ಒಂದು ಗಂಟೆ ಹುಡುಕಿ, ಮೂಟೆಗಳ ಹಿಂದಿನಿಂದ ತೆಗೆದುಕೊಟ್ಟರು. ಅಲ್ಲೇ ನಿಂತು ಲಕೋಟೆ ಬಿಚ್ಚಿದೆ. ತೆಗೆದುಕೊಟ್ಟ ಹುಡುಗ, ‘ಏನಣ್ಣ, ಕೆಲಸದ ಆರ್ಡರ್ರಾ?’ ಎಂದು ಕೇಳಿದ. ಅಷ್ಟು ಹೊತ್ತು ಅದನ್ನೇ ನೋಡುತ್ತಾ ನಿಂತಿದ್ದೆ ಅನ್ನಿಸುತ್ತದೆ.

ರೈಲು ಪ್ರಯಾಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಣೆಯಲ್ಲಿ ಹತ್ತಿದ ನಾಲ್ಕು ಹುಡುಗರ ಗುಂಪೂ ಅಲ್ಲಿಗೇ ಹೊರಟಿತ್ತು. ರಾತ್ರಿ ವಸಯಿ ರೋಡ್ ದಾಟುವವರೆಗೂ ಹಾಡು. ಶನಿವಾರ ವಡೋದರಾದಲ್ಲಿ ಇಳಿದು ಮಲಗಿದೆ.

ಭಾನುವಾರ ಬೆಳಿಗ್ಗೆ ಅಹಮದಾಬಾದ್ ಸ್ಟೇಷನ್. ಸ್ಟೇಡಿಯಂಗೆ ಬ್ಯಾಗ್, ಪವರ್ ಬ್ಯಾಂಕ್, ನೀರಿನ ಬಾಟಲಿ ಒಯ್ಯುವ ಹಾಗಿಲ್ಲ ಅಂತ ಮೊದಲೇ ತಿಳಿಸಿದ್ದರು. ಬ್ಯಾಗನ್ನು ಸ್ಟೇಷನ್ನಿನ ಕ್ಲೋಕ್ ರೂಮಿನಲ್ಲಿ ಇಡೋಣ ಅಂತ ಹೋದರೆ, ಬೀಗ ಇಲ್ಲದ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಇದು ರೈಲ್ವೆಯ ಹಳೇ ನಿಯಮ, ನನಗೇ ಗೊತ್ತಿರಲಿಲ್ಲ. ಹೊರಗೆ ಹೋಗಿ 60 ರೂಪಾಯಿಗೆ ಪುಟ್ಟ ಬೀಗ ತಂದು ಎರಡು ಜಿಪ್ ಸೇರಿಸಿ ಹಾಕಿದೆ. ರೈಲು ಟಿಕೆಟ್ ಕೂಡ ತೋರಿಸಬೇಕು, ಕೈಯಲ್ಲಿಟ್ಟುಕೊಳ್ಳಿ. ಜೇಬಿನಲ್ಲಿ ಉಳಿದದ್ದು ಟಿಕೆಟ್, ಆಧಾರ್, ಫೋನ್, ಸ್ವಲ್ಪ ನೋಟು, ಕಿವಿಗೆ ಇಡುವ ಇಯರ್‌ಪ್ಲಗ್. ಸೊಂಟಕ್ಕೆ ಸ್ವೆಟರ್ ಕಟ್ಟಿಕೊಂಡೆ. ಜನವರಿಯಲ್ಲಿ ಅಲ್ಲಿ ಮಧ್ಯಾಹ್ನ ಬಿಸಿಲು ಚುರುಗುಟ್ಟುತ್ತದೆ, ರಾತ್ರಿ ಚಳಿ ಹಿಡಿಯುತ್ತದೆ.

ಕಾಲೂಪುರದಿಂದ ಮೆಟ್ರೊ, ಓಲ್ಡ್ ಹೈಕೋರ್ಟ್‌ನಲ್ಲಿ ಗಾಡಿ ಬದಲಿಸಿದರೆ ನೇರ ಮೊಟೇರಾ. ಆಟೊಗಿಂತ ಇದೇ ವಾಸಿ. ಗಣರಾಜ್ಯೋತ್ಸವದ ದಿನ ಆದ್ದರಿಂದ ಬೋಗಿಯಲ್ಲಿ ಅರ್ಧ ಜನರ ಕೆನ್ನೆ ಮೇಲೆ ತ್ರಿವರ್ಣ, ಇನ್ನರ್ಧ ಜನರ ಕೆನ್ನೆ ಮೇಲೆ ಮಿನುಗು. ಸ್ಟೇಡಿಯಂ ಹೊರಗೆ ಸಾಲು ಉದ್ದ ಇತ್ತು. ಗೇಟ್ ಸಂಖ್ಯೆ ಟಿಕೆಟ್ಟಿನ ಮೇಲೇ ಇರುತ್ತದೆ. ಅದನ್ನು ನೋಡದೆ ಜನ ಹೋದ ಕಡೆ ಹೋಗಿ ಮುಕ್ಕಾಲು ಗಂಟೆ ತಪ್ಪು ಸಾಲಿನಲ್ಲಿ ನಿಂತೆ. ಆ ಸ್ಟೇಡಿಯಂ ಸುತ್ತು ಹಾಕುವುದು ಅಂದರೆ ಸಣ್ಣ ನಡಿಗೆಯಲ್ಲ. ಒಳಗೆ ಹೋದಾಗ ಮೂರೂವರೆ.

ಗೇಟಿನಲ್ಲಿ ಕೈಗೆ ಒಂದು ಬ್ಯಾಂಡ್ ಕಟ್ಟಿದರು. ಬಿಳಿ ಪಟ್ಟಿ, ನಡುವೆ ಹಾಲಿನ ಬಣ್ಣದ ಉಬ್ಬು, ಅದರೊಳಗೆ ಎಲ್‌ಇಡಿ. ಸ್ವಿಚ್ ಇಲ್ಲ. ಗಿಡಗಳಿಂದ ತೆಗೆದ, ಗೊಬ್ಬರವಾಗಿ ಕರಗುವ ವಸ್ತುವಿನಿಂದ ಮಾಡಿದ್ದಂತೆ. 2012ರಿಂದ ಇವರ ಶೋಗಳಲ್ಲಿ ಇಂಥ ಬ್ಯಾಂಡ್ ಇದೆ. ವಿಡಿಯೊದಲ್ಲಿ ನೂರು ಸಲ ನೋಡಿದ್ದೆ. ಈಗ ನನ್ನ ಕೈಯಲ್ಲಿ. ಅದು ಹೊತ್ತಲಿ ಅಂತ ಸುಮ್ನೆ ಕೈ ಅಲ್ಲಾಡಿಸಿ ನೋಡಿದೆ. ಪಕ್ಕದ ಸೀಟಿನ ಅಜ್ಜಿಯೂ ಅಲ್ಲಾಡಿಸಿ ನೋಡುತ್ತಿದ್ದರು. ಮೊಮ್ಮಗಳ ಜೊತೆ ರಾಜ್‌ಕೋಟ್‌ನಿಂದ ಬಂದಿದ್ದರು.

ನನ್ನ ಸೀಟು ಮೇಲಿನ ಸ್ಟ್ಯಾಂಡಿನಲ್ಲಿ, ವೇದಿಕೆಯಿಂದ ಬಹಳ ದೂರ. 1,32,000 ಜನ ಕೂರುವ ಸ್ಟೇಡಿಯಂ ಅಂತ ಓದುವುದು ಬೇರೆ, ಅದರ ಮೇಲ್ತುದಿಯಿಂದ ಕೆಳಗೆ ನೋಡುವುದು ಬೇರೆ. ಪರೀಕ್ಷೆಗೆ ನಿಂತ ಸಿಬ್ಬಂದಿ ವೇದಿಕೆ ಮೇಲೆ ಅಕ್ಕಿಕಾಳಿನಷ್ಟು ಕಾಣುತ್ತಿದ್ದರು. ಅಯ್ಯೋ, ಇಷ್ಟು ದೂರ ಬಂದು ಪರದೆ ನೋಡಿಕೊಂಡು ಹೋಗಬೇಕಾ ಅಂತ ಮನಸ್ಸು ಕುಸಿಯಿತು. ಆ ನಾಲ್ಕು ಗಂಟೆ ಕಾಯುವುದು ನಿಜಕ್ಕೂ ಕಷ್ಟ. ಬಿಸಿಲು ಮುಖಕ್ಕೆ. ಒಮ್ಮೆ ನೀರು ತರಲು ಹೋದರೆ ಅರ್ಧ ಗಂಟೆ. ಹೊಟ್ಟೆ ತುಂಬ ತಿಂದುಕೊಂಡೇ ಒಳಗೆ ಹೋಗಿ. ಫೋನ್ ಏರೋಪ್ಲೇನ್ ಮೋಡಿನಲ್ಲಿಡಿ. ಅಷ್ಟು ಜನರ ನಡುವೆ ನೆಟ್‌ವರ್ಕ್ ಸಿಗುವುದಿಲ್ಲ, ಹುಡುಕಿ ಹುಡುಕಿ ಬ್ಯಾಟರಿ ಮುಗಿಯುತ್ತದೆ. ಏರೋಪ್ಲೇನ್ ಮೋಡಿಗೆ ಹಾಕುವ ಮೊದಲು ಅಕ್ಕನಿಗೆ ಒಂದೇ ಮೆಸೇಜ್ ಹೋಯಿತು: ‘ಒಳಗಿದ್ದೇನೆ.’ ಆ ದಿನದ ಶೋ ಡಿಸ್ನಿ ಪ್ಲಸ್ ಹಾಟ್‌ಸ್ಟಾರ್‌ನಲ್ಲಿ ನೇರ ಪ್ರಸಾರ ಇತ್ತು. ಅವಳು ಮನೆಯಲ್ಲಿ ಟಿವಿ ಮುಂದೆ ಕೂತಿರುತ್ತಾಳೆ ಅನ್ನುವುದು ನನಗೆ ದೊಡ್ಡ ಧೈರ್ಯ.

ಮೊದಲು ಜಸ್ಲೀನ್ ರಾಯಲ್, ಎಲಿಯಾನಾ ಹಾಡಿದರು. ಕತ್ತಲಾಯಿತು. ಎಂಟರ ಹತ್ತಿರ ದೀಪ ಆರಿದವು. ಆಗ ನನ್ನ ಕೈ ಹೊತ್ತಿಕೊಂಡಿತು.

ಇದನ್ನು ಹೇಗೆ ಹೇಳಲಿ? ಎಲ್ಲರೂ ಕಿರುಚಿದರು, ನಾನೂ ಕಿರುಚಿದೆ. ನನ್ನ ಕೈಯ ಕೆಂಪು, ಅಜ್ಜಿಯ ಕೈಯ ಕೆಂಪು, ಎದುರಿನ ಸ್ಟ್ಯಾಂಡಿನ ಅಷ್ಟೂ ಕೈಗಳ ಕೆಂಪು ಒಟ್ಟಿಗೇ ಆರಿ ಒಟ್ಟಿಗೇ ಹತ್ತುತ್ತಿತ್ತು. ದೂರದ ಸೀಟಿನ ಬಗ್ಗೆ ಇದ್ದ ದುಃಖ ಅಲ್ಲಿಗೇ ಹೋಯಿತು. ಕೆಳಗೆ ವೇದಿಕೆ ಹತ್ತಿರ ನಿಂತವರಿಗೆ ಗಾಯಕ ಕ್ರಿಸ್ ಮಾರ್ಟಿನ್ ಮುಖ ಕಂಡಿರಬಹುದು, ಈ ಇಡೀ ಬಟ್ಟಲು ಕಂಡಿರಲಿಕ್ಕಿಲ್ಲ. ಮೇಲಿನ ಸೀಟು ಸಿಕ್ಕಿತು ಅಂತ ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ದೂರದಲ್ಲಿ ಕೂತವರಿಗೆ ಇನ್ನೊಂದು ಅನುಭವ ಆಗುತ್ತದೆ. ಪರದೆಯ ಮೇಲೆ ವಿಲ್ ಚಾಂಪಿಯನ್ ಡ್ರಮ್ಮಿಗೆ ಕೋಲು ಹೊಡೆಯುವುದು ಮೊದಲು ಕಾಣುತ್ತದೆ, ಏಟು ಆಮೇಲೆ ಎದೆಗೆ ಬಂದು ಬಡಿಯುತ್ತದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ, ಅಷ್ಟೆ. ಮೊದಲ ಎರಡು ಹಾಡು ನನಗೆ ಅದು ಕಿರಿಕಿರಿಯಾಯಿತು. ಆಮೇಲೆ ಪರದೆ ನೋಡುವುದನ್ನೇ ಬಿಟ್ಟೆ. ಇಯರ್‌ಪ್ಲಗ್ ಹಾಕಿಕೊಂಡರೆ ಮಜಾ ಹೋಗುತ್ತದೆ ಅಂದುಕೊಂಡಿದ್ದೆ. ಹಾಕಿದ ಮೇಲೇ ಗಿಟಾರ್, ಬಾಸ್ ಬೇರೆ ಬೇರೆಯಾಗಿ ಕೇಳಿಸಿದವು.

‘ಯೆಲ್ಲೋ’ ಶುರುವಾದಾಗ ಸ್ಟೇಡಿಯಂ ಪೂರ್ತಿ ಅರಿಶಿನ ಬಣ್ಣ. ಜಾನಿ ಬಕ್‌ಲ್ಯಾಂಡ್ ಗಿಟಾರಿನ ಆ ಮೊದಲ ಏಟಿಗೇ ನನ್ನ ಕಣ್ಣು ತುಂಬಿತ್ತು. ನಮ್ಮ ಮನೆಯ ನಡುಮನೆ, ಕೆಮಿಸ್ಟ್ರಿ ನೋಟ್ಸು, ಒಂದು ಕಿವಿಯ ಇಯರ್‌ಫೋನು ಎಲ್ಲ ಬಂದು ಎದುರು ನಿಂತವು. ಹಾಡಲು ಬಾಯಿ ತೆರೆದರೆ ದನಿ ಬರಲಿಲ್ಲ. ಎರಡನೇ ಸಾಲಿಗೆ ಬಂತು. ಅಜ್ಜಿ ಏನೂ ಕೇಳಲಿಲ್ಲ, ಸುಮ್ಮನೆ ಬೆನ್ನ ಮೇಲೆ ಕೈ ಇಟ್ಟರು.

ಆ ರಾತ್ರಿ ಆದದ್ದನ್ನೆಲ್ಲ ಬರೆಯಲು ಆಗುವುದಿಲ್ಲ. ಕ್ರಿಸ್ ಮಾರ್ಟಿನ್ ‘ವಂದೇ ಮಾತರಂ’ ಎಂದು ಹಾಡಿದಾಗ ಎದ್ದ ಸದ್ದು, ಜಸ್‌ಪ್ರೀತ್ ಬೂಮ್ರಾ ಪರದೆಯ ಮೇಲೆ ಕಂಡಾಗ ಎದ್ದ ಸದ್ದು, ಎರಡೂ ಇನ್ನೂ ಕಿವಿಯಲ್ಲಿವೆ. ಒಂದು ಹಾಡನ್ನು ನಡುವೆ ನಿಲ್ಲಿಸಿ ಎಲ್ಲರೂ ಫೋನ್ ಒಳಗಿಡಿ ಎಂದರು. ಇಟ್ಟೆವು. ಆ ಹಾಡಿನ ವಿಡಿಯೊ ನನ್ನ ಬಳಿ ಇಲ್ಲ, ಉಳಿದೆಲ್ಲಕ್ಕಿಂತ ಅದೇ ಚೆನ್ನಾಗಿ ನೆನಪಿದೆ.

ಹತ್ತು ಗಂಟೆ ಸುಮಾರಿಗೆ ಮುಗಿಯಿತು. ಕೈಯ ಬ್ಯಾಂಡನ್ನು ವಾಪಸ್ ಕೊಡಬೇಕು, ಮುಂದಿನ ಶೋಗೆ ಬಳಸುತ್ತಾರೆ. ಇಟ್ಟುಕೊಳ್ಳುವ ಆಸೆ ತುಂಬ ಇತ್ತು. ಡಬ್ಬಿಯ ಮುಂದೆ ನಿಂತು ಬಿಚ್ಚಿ ಹಾಕಿದೆ. ದಯವಿಟ್ಟು ನೀವೂ ಹಾಕಿ.

ಮೆಟ್ರೊ ಮಧ್ಯರಾತ್ರಿ ದಾಟುವ ತನಕ ಓಡಿಸುತ್ತಿದ್ದರು. ಆದರೂ ಲಕ್ಷಕ್ಕೂ ಜಾಸ್ತಿ ಜನ ಒಟ್ಟಿಗೆ ಹೊರಬಂದರೆ ಒಂದೂವರೆ ಗಂಟೆ ಹಿಡಿಯುವುದು ಸಹಜ. ನೂಕಬೇಡಿ, ಅಂಚಿನಲ್ಲಿ ಸ್ವಲ್ಪ ಹೊತ್ತು ಕೂತುಬಿಡಿ. ಕಾಲೂಪುರ ತಲುಪಿದಾಗ ಹನ್ನೆರಡೂವರೆ ದಾಟಿತ್ತು. ಬ್ಯಾಗ್ ಬಿಡಿಸಿಕೊಂಡು ವೇಟಿಂಗ್ ಹಾಲ್‌ನಲ್ಲಿ ಟವಲ್ ಹಾಸಿ ಕೂತೆ. ಸುತ್ತ ನನ್ನಂಥವರೇ ನೂರಾರು ಜನ.

ಖರ್ಚು ಕೇಳಿದವರಿಗೆ: ಟಿಕೆಟ್ 4,500, ಅದರ ಮೇಲಿನ ಶುಲ್ಕ ಬೇರೆ. ರೈಲು, ಬಸ್ಸು, ಮೆಟ್ರೊ ಸೇರಿ 3,100. ರೂಮು 1,200. ಊಟ, ನೀರು, ಬೀಗ, ಕ್ಲೋಕ್ ರೂಮು ಎಲ್ಲ ಸೇರಿ 1,500ರ ಒಳಗೆ. ಹತ್ತೂವರೆ ಹನ್ನೊಂದು ಸಾವಿರ ಎಂದುಕೊಳ್ಳಿ. ರಜೆ ಎರಡೂವರೆ ದಿನ, ಅರ್ಧ ದಿನ ಕೊರಿಯರ್‌ನದ್ದು.

ಏರೋಪ್ಲೇನ್ ಮೋಡ್ ತೆಗೆದ ಕೂಡಲೇ ಫೋನ್ ಕೈಯಲ್ಲೇ ನಡುಗಲು ಶುರುವಾಯಿತು. ಅಕ್ಕನ ಮೆಸೇಜು 41. ಶೋ ಉದ್ದಕ್ಕೂ ಬರೆಯುತ್ತಲೇ ಇದ್ದಾಳೆ. ಈಗ ಕೆಂಪು. ಈಗ ನೀಲಿ. ಕೂಸು ಎದ್ದಿತು. ಕೂಸೂ ನೋಡ್ತಿದೆ. ರಾತ್ರಿ ಒಂದು ಗಂಟೆ, ಮಲಗಿರುತ್ತಾಳೆ ಅಂದುಕೊಂಡೇ ಫೋನ್ ಮಾಡಿದೆ. ಮೊದಲ ರಿಂಗಿಗೇ ಎತ್ತಿದಳು.

‘ಆ ಸಾಲು ಹೆಂಗ ಹಾಡಿದಿ?’ ಎಂದಳು.

‘ನೀ ಬರೆದಂಗ’ ಎಂದೆ.

‘ನಾನೂ’ ಎಂದಳು.